ಉತ್ತುಂಗಪುರದ ಸಮವಿಭವ ಮಹೋತ್ಸವ

ಬಹಳ ಹಿಂದೆ, ಅಂದರೆ ತಾಮ್ರಶಾಸನಗಳು ಇನ್ನೂ ಚಾಲ್ತಿಯಲ್ಲಿದ್ದು ಪತ್ರಿಕಾಗೋಷ್ಠಿಗಳೂ ಆಗಲೇ ಶುರುವಾಗಿದ್ದ ಕಾಲದಲ್ಲಿ, ಉತ್ತುಂಗಪುರವೆಂಬ ರಾಜ್ಯವೊಂದಿತ್ತು. ಅದನ್ನು ಆಳುತ್ತಿದ್ದವನು ಶ್ರೀಮನ್ಮಹಾರಾಜ ಊರ್ಜಿತವರ್ಮ. ಅವನು ಕೆಟ್ಟವನಲ್ಲ. ಪ್ರಜೆಗಳ ಮೇಲೆ ಅವನಿಗೆ ಅಪಾರ ಪ್ರೀತಿಯಿತ್ತು. ಅದನ್ನು ತಡೆಯುವ ಶಕ್ತಿ ಮಾತ್ರ ರಾಜ್ಯದಲ್ಲಿ ಯಾರಿಗೂ ಇರಲಿಲ್ಲ.

ಆ ಊರಿನಲ್ಲಿ ದೀಪ ಉರಿಯುತ್ತಿದ್ದ ಕ್ರಮ ಓದುಗ ಮಹಾಶಯರಿಗೆ ವಿಚಿತ್ರವೆನಿಸಬಹುದು. ಅರಮನೆಯನ್ನು ಪೇಟೆಯ ನೆತ್ತಿಯ ಮೇಲೆಯೇ ಕಟ್ಟಲಾಗಿತ್ತು. ಅರಮನೆಯ ನೆಲಕ್ಕೆ ಒಂದು ವಿಶಾಲವಾದ ತಾಮ್ರದ ಹಲಗೆ, ಪೇಟೆಯ ನೆಲಕ್ಕೆ ಅಷ್ಟೇ ವಿಶಾಲವಾದ ಇನ್ನೊಂದು. ನಡುವಿನ ಅಂತಸ್ತಿನಲ್ಲಿ ಸಚಿವಾಲಯ. ಬೆಳಗಾದೊಡನೆ ಮನೆಗೊಬ್ಬರಂತೆ ಪ್ರಜೆಗಳು ಗಾಜಿನ ಕೋಲು, ರೇಷ್ಮೆಯ ತುಂಡು ಹಿಡಿದು ಬಂದು ಉಜ್ಜಬೇಕು. ಇದಕ್ಕೆ ಘರ್ಷಣಸೇವೆ ಎಂದು ಹೆಸರು. ಕೋಲಿನಲ್ಲಿ ಹುಟ್ಟಿದ ಧನ ಆವೇಶವನ್ನು ಮೇಲಿನ ಹಲಗೆಗೂ ರೇಷ್ಮೆಗೆ ಅಂಟಿದ ಋಣ ಆವೇಶವನ್ನು ಕೆಳಗಿನ ಹಲಗೆಗೂ ಮುಟ್ಟಿಸಿದರೆ ಸೇವೆ ಮುಗಿಯಿತು. ಸಂಜೆ ಕೀಲಿ ತಿರುಗಿಸಿದಾಗ, ದಿನವಿಡೀ ಬೇರೆಬೇರೆಯಾಗಿ ಕೂಡಿಟ್ಟಿದ್ದ ಆ ಎರಡೂ ಆವೇಶಗಳು ಊರಿನ ದೀಪಗಳ ಮೂಲಕ ಹರಿದು ಒಂದನ್ನೊಂದು ಕೂಡಿಕೊಳ್ಳುತ್ತಿದ್ದವು. ಬೀದಿ ಬೆಳಗುತ್ತಿತ್ತು.

ಈ ವ್ಯವಸ್ಥೆಯ ಕರ್ತೃಗಳು ಆಸ್ಥಾನದ ವಿದ್ಯುದಾಚಾರ್ಯರಾದ ನೀಲಗ್ರೀವ ದೀಕ್ಷಿತರು. ಸಾಯಂಸಂಧ್ಯೆಯ ಅರ್ಘ್ಯ ಬಿಟ್ಟ ಒದ್ದೆ ಕೈಯನ್ನು ಚೆನ್ನಾಗಿ ಒರೆಸಿಕೊಂಡು ಕೀಲಿ ತಿರುಗಿಸುವುದು ಅವರ ನಿತ್ಯಕರ್ಮ. ಶಾಸ್ತ್ರದಲ್ಲಿ ಅವರಿಗೆ ಎದುರಿಲ್ಲ. ಒಂದೇ ಕುಂದೆಂದರೆ, ವಿಶೇಷಣಗಳ ಪಲ್ಲಕ್ಕಿಯಿಲ್ಲದೆ ಅವರ ಯಾವ ಕ್ರಿಯಾಪದವೂ ಮನೆಯಿಂದ ಹೊರಡುತ್ತಿರಲಿಲ್ಲ.

ಅರಮನೆಯಲ್ಲಿ ಇನ್ನೊಂದು ಸಂಪ್ರದಾಯವಿತ್ತು. ಪ್ರಭುವಿನ ಮುಂದೆ ಯಾರು ಏನೇ ನುಡಿದರೂ ಅದಕ್ಕೆ ಮಂತ್ರಿ ಅನುಮೋದರಾಯನು ವ್ಯಾಖ್ಯಾನ ಮಾಡಬೇಕು. ನುಡಿದದ್ದು ಗಾಳಿಗೆ ಹೋಗುತ್ತಿತ್ತು, ವ್ಯಾಖ್ಯಾನ ಕಡತಕ್ಕೆ ಹೋಗುತ್ತಿತ್ತು. ರಾಜರ ತಾತನ ಕಾಲದಿಂದಲೂ ಆ ಕಡತಗಳಲ್ಲಿ ಒಂದು ದೂರೂ ದಾಖಲಾಗಿರಲಿಲ್ಲವಾದ್ದರಿಂದ ರಾಜ್ಯ ಸುಭಿಕ್ಷವಾಗಿದೆಯೆಂಬುದು ಸಪ್ರಮಾಣವಾಗಿ ಸಿದ್ಧವಾಗಿತ್ತು.

ಹೀಗಿರಲು ಒಂದು ದಿನ ಮಹಾರಾಜನು ಜನಸಂಪರ್ಕ ಕಾರ್ಯಕ್ರಮದ ನಿಮಿತ್ತ ಪೇಟೆಗೆ ಇಳಿದುಬಂದನು. ಹಲಗೆಯ ಪಕ್ಕದಲ್ಲಿ ದೀಕ್ಷಿತರು ನೆಡಿಸಿದ್ದ ಫಲಕ ಕಣ್ಣಿಗೆ ಬಿತ್ತು: 'ಅರಮನೆಯ ವಿಭವ ಸಾವಿರ. ಪೇಟೆಯ ವಿಭವ ಶೂನ್ಯ.' ಮಹಾರಾಜನು ದೀಕ್ಷಿತರತ್ತ ತಿರುಗಿದನು.

"ಆಚಾರ್ಯರೇ, ನನ್ನ ಪ್ರಜೆಗಳು ಶೂನ್ಯವೇ?"

"ಮಹಾಸ್ವಾಮಿ, ಅದು ನಿಂದೆಯಲ್ಲ. ಎಲ್ಲಿಂದ ಅಳೆಯಬೇಕೆಂದು ನಾವೇ ಗೊತ್ತುಮಾಡಿಕೊಂಡ ಜಾಗ ಅಷ್ಟೆ. ಶೂನ್ಯವನ್ನು ಎಲ್ಲಿ ಇಟ್ಟರೂ ನಡೆದೀತು. ದೀಪ ಉರಿಯುವುದು ಮೇಲಣ ವಿಭವದಿಂದಲೂ ಅಲ್ಲ, ಕೆಳಗಣದರಿಂದಲೂ ಅಲ್ಲ. ಎರಡರ ನಡುವಿನ ಅಂತರದಿಂದ."

ಹೂ ಕಟ್ಟುತ್ತ ಕುಳಿತಿದ್ದ ಪುಟ್ಟನಂಜಿ ತಲೆಯೆತ್ತಿ, "ಸೊನ್ನೆ ಆದ್ರೆ ಏನ್ ಬುದ್ಧಿ? ಸಂಜೆ ಆದ್ರೆ ದೀಪ ಹತ್ತುತ್ತಲ್ಲ, ಸಾಕು" ಎಂದಳು.

ಅನುಮೋದರಾಯನು ಕಣ್ಣೊರೆಸಿಕೊಂಡು ವ್ಯಾಖ್ಯಾನಿಸಿದನು: "ಅವಮಾನದಿಂದ ಮಾತೇ ಹೊರಡುತ್ತಿಲ್ಲವೆಂದು ಮುದುಕಿ ಬಿನ್ನವಿಸುತ್ತಿದ್ದಾಳೆ, ಪ್ರಭು."

ಅಂದೇ ಸಭೆ ಸೇರಿತು. ವಿಭವವೆಂದರೇನೆಂದು ವಿವರಿಸಲು ದೀಕ್ಷಿತರಿಗೆ ಅಪ್ಪಣೆಯಾಯಿತು. ಏಕಮಾನ ಆವೇಶವೊಂದನ್ನು ದೂರದಿಂದ ಎದುರೊತ್ತಡದ ವಿರುದ್ಧ ಒಂದು ಜಾಗಕ್ಕೆ ತರಲು ಎಷ್ಟು ಕೆಲಸ ಮಾಡಬೇಕೋ ಅದೇ ಆ ಜಾಗದ ವಿಭವ ಎಂದರು. ಒಂದೇ ವಿಭವವುಳ್ಳ ತಲದ ಮೇಲೆ ಆವೇಶವನ್ನು ಎಷ್ಟು ಸುತ್ತಾಡಿಸಿದರೂ ಆಗುವ ಕೆಲಸ ಸೊನ್ನೆ ಎಂದೂ ಸೇರಿಸಿದರು.

"ಅದ್ಭುತ!" ಎಂದನು ಅನುಮೋದರಾಯ. "ನಮ್ಮ ಕಡತಗಳು ಒಂದು ಮೇಜಿನಿಂದ ಇನ್ನೊಂದಕ್ಕೆ ಸುತ್ತುತ್ತಿರುವುದು ಈ ಸಿದ್ಧಾಂತದ ಮೇಲೆಯೇ ಎಂದು ಇಂದು ತಿಳಿಯಿತು. ಆ ಎರಡು ಹಲಗೆಗಳ ನಡುವೆ ಸಚಿವಾಲಯ ಯಾಕಿದೆ, ಆಚಾರ್ಯರೇ?"

"ಅದರ ಗೋಡೆಗಳು ಅಭ್ರಕದವು. ಏನನ್ನೂ ಹಾಯಗೊಡದ ವಸ್ತು ನಡುವೆ ಇದ್ದರೆ ಹಲಗೆಗಳ ಧಾರಕತೆ, ಅಂದರೆ ಆವೇಶವನ್ನು ಹಿಡಿದಿಡುವ ಶಕ್ತಿ, ಹೆಚ್ಚುತ್ತದೆ."

"ಏನನ್ನೂ ಹಾಯಗೊಡದ ವಸ್ತು!" ಮಂತ್ರಿ ಹೆಮ್ಮೆಯಿಂದ ತನ್ನ ಸಹೋದ್ಯೋಗಿಗಳತ್ತ ನೋಡಿದನು. "ಶಾಸ್ತ್ರವೇ ನಮ್ಮನ್ನು ಗುರುತಿಸಿದೆ."

ಮಹಾರಾಜನು ಮಾತ್ರ ನಗಲಿಲ್ಲ. "ನನಗೂ ಪ್ರಜೆಗಳಿಗೂ ನಡುವೆ ಅಂತರವಿರಕೂಡದು. ಎರಡು ಹಲಗೆಗಳನ್ನೂ ದಪ್ಪ ತಂತಿಯಿಂದ ಕೂಡಿಸಿ. ಪೇಟೆ ಅರಮನೆಯ ಮಟ್ಟಕ್ಕೆ ಏರಲಿ."

"ಆ ಮಟ್ಟ ಎಷ್ಟಿರಬೇಕು, ಪ್ರಭು? ಶೂನ್ಯವನ್ನು ಎಲ್ಲಿ ಇಟ್ಟರೂ ನಡೆಯುತ್ತದೆಂದು ಆಚಾರ್ಯರೇ ಹೇಳಿದ್ದಾರೆ" ಎಂದ ಅನುಮೋದರಾಯನು, ಊರಾಚೆಯ ಪಾಳುಬಾವಿಯ ತಳದಲ್ಲಿ 'ಇಲ್ಲಿ ಶೂನ್ಯ' ಎಂಬ ಫಲಕ ಇಳಿಬಿಟ್ಟು, ಅರಮನೆ ಪೇಟೆಗಳೆರಡಕ್ಕೂ ಹತ್ತು ಸಾವಿರ ಎಂದು ಬರೆಸಿದನು. ತಂತಿ ಬಿಗಿಯುವ ಮಹೋತ್ಸವ ಮಾರನೆಯ ಸಂಜೆಗೆ ನಿಶ್ಚಯವಾಯಿತು.

ದೀಕ್ಷಿತರು ಮನೆಗೆ ಬಂದು ಜಗುಲಿಯ ಮೇಲೆ ಕುಸಿದರು. ಮಗಳು ವಾರಿಜೆ ಸೂತಿಕಾಗೃಹ ಸೇರಿದ್ದಳು. ಮಗು ಕಾಲು ಮುಂದಾಗಿ ತಿರುಗಿದೆ, ನಾಳೆ ಸಂಜೆಯೊಳಗೆ ನೋವು ಶುರುವಾಗಬಹುದು, ಒಳ್ಳೆಯ ಬೆಳಕಿಲ್ಲದಿದ್ದರೆ ತನ್ನಿಂದ ಆಗದು ಎಂದು ಸೂಲಗಿತ್ತಿ ಹೇಳಿ ಕಳಿಸಿದ್ದಳು.

"ಏನೂಂದ್ರೆ, ಆ ತಂತಿ ಬಿಗಿದರೆ ಏನಾಗುತ್ತೆ?" ಎಂದು ಕೇಳಿದರು ಅವರ ಪತ್ನಿ ತುಂಗಮ್ಮ.

"ಧನ ಋಣಗಳು ಆ ಕ್ಷಣವೇ ತಂತಿಯಲ್ಲೇ ಕೂಡಿಹೋಗುತ್ತವೆ. ವಿಭವಾಂತರ ನಶಿಸುತ್ತದೆ. ತದನಂತರ ದೀಪಮಾಲಿಕೆಯ ಪ್ರಜ್ವಲನಕ್ಕೆ ಹೇತುಭೂತವಾದ ಪ್ರವಾಹವು..."

"ದೀಪ ಆರುತ್ತೆ."

"ಹೌದು."

"ಹಾಗಾದರೆ ನಾಳೆ ಸಭೆಗೆ ಹೋಗಿ ಅಷ್ಟೇ ಹೇಳಿ. ಸಮಾಸ ಬೇಡ."

"ರಾಜಸಭೆಯಲ್ಲಿ ಬರೀ ಕ್ರಿಯಾಪದ ಇಟ್ಟುಕೊಂಡು ನಿಂತುಕೊಳ್ಳೋದಕ್ಕೆ ಆಗುತ್ತೇನೇ?"

"ಮೈಮೇಲೆ ಶಾಲಿದೆಯಲ್ಲ, ನಿಂತುಕೊಳ್ಳಿ" ಎಂದು ತುಂಗಮ್ಮ ಒಳಗೆ ಹೋದರು.

ಮಾರನೆಯ ಸಂಜೆ ಅರಮನೆಯ ಅಂಗಳ ಕಿಕ್ಕಿರಿದಿತ್ತು. ದಿನವಿಡೀ ಜನ ಉಜ್ಜಿದ್ದರಿಂದ ಹಲಗೆಗಳು ತುಂಬಿದ್ದವು. ಬೆರಳು ದಪ್ಪದ ತಂತಿಯ ಒಂದು ತುದಿಯನ್ನು ಕೆಳಗಿನ ಹಲಗೆಗೆ ಬೆಸೆದಿದ್ದರು. ಗಾಜಿನ ಹಿಡಿಯುಳ್ಳ ಇನ್ನೊಂದು ತುದಿ ಚಿನ್ನದ ಹರಿವಾಣದಲ್ಲಿತ್ತು. ದೀಕ್ಷಿತರು ಮುಂದೆ ಬಂದು ಇಷ್ಟದೈವವನ್ನು ನೆನೆದು, ಜನ್ಮದಲ್ಲೇ ಮೊದಲ ಬಾರಿಗೆ ಸಣ್ಣ ವಾಕ್ಯವೊಂದನ್ನು ನುಡಿದರು.

"ದೀಪ ಆರುತ್ತೆ, ಮಹಾಸ್ವಾಮಿ."

ಅನುಮೋದರಾಯನು ಒಂದು ಗಳಿಗೆ ಯೋಚಿಸಿ, ಎರಡೂ ಕೈಯೆತ್ತಿದನು.

"ಎಂಥ ಉಕ್ತಿ! ಇಂಥ ಪ್ರಭು ಸೂರ್ಯನಂತೆ ಸಿಂಹಾಸನದಲ್ಲಿರುವಾಗ ಯಃಕಶ್ಚಿತ್ ದೀಪಗಳು ನಾಚಿ ತಾವಾಗಿಯೇ ಆರುತ್ತವೆಯಂತೆ!"

ಚಪ್ಪಾಳೆ ಮುಗಿಲು ಮುಟ್ಟಿತು. ದೀಕ್ಷಿತರು ಇನ್ನೊಂದು ಹೆಜ್ಜೆ ಮುಂದೆ ಬಂದರು. "ಅಲಂಕಾರವಲ್ಲ ಸ್ವಾಮಿ! ನಿಜವಾಗಿಯೂ ಆರುತ್ತೆ. ಕತ್ತಲಾಗುತ್ತೆ. ನನ್ನ ಮಗಳಿಗೆ ಇವತ್ತು ಹೆರಿಗೆ!"

"ಆನಂದಾತಿಶಯದಿಂದ ಪುನರುಕ್ತಿ ಬಂದಿದೆ" ಎಂದನು ಮಂತ್ರಿ. "ಹುಟ್ಟುವ ಮೊಮ್ಮಗುವಿಗೆ ಪ್ರಭುಗಳ ನಾಮಧೇಯವನ್ನೇ ಇಡಬೇಕೆಂದು ಪ್ರಾರ್ಥಿಸುತ್ತಿದ್ದಾರೆ."

"ಆಗಲಿ, ಅನುಗ್ರಹಿಸಿದ್ದೇವೆ" ಎಂದ ಮಹಾರಾಜನ ಕಣ್ಣಲ್ಲಿ ನೀರಾಡಿತು. "ಆಚಾರ್ಯರೇ, ತಂತಿಯನ್ನು ನೀವೇ ಕೂಡಿಸಿ."

ದೀಕ್ಷಿತರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ನಾನು ಮಾಡೋದಿಲ್ಲ" ಎಂದರು. ಹೇಳಿದ ಮೇಲೆ ಅವರಿಗೇ ಆಶ್ಚರ್ಯವಾಯಿತು. ಎದೆ ಹಗುರವಾಗಿತ್ತು.

"ಇಂಥ ಮಹತ್ಕಾರ್ಯಕ್ಕೆ ಪ್ರಭುಗಳ ಹಸ್ತವೇ ಯೋಗ್ಯವೆಂಬ ವಿನಯ!" ಎಂದು ಮಂತ್ರಿ ನಿವೇದಿಸಿದನು.

ಮಹಾರಾಜನು ತಂತಿಯ ತುದಿಯನ್ನು ಮೇಲಿನ ಹಲಗೆಗೆ ಮುಟ್ಟಿಸಿದನು. ಕಣ್ಣು ಕುಕ್ಕುವ ಬೆಳಕು, ಸಿಡಿಲಿನಂಥ ಸದ್ದು. ಊರು ದಿನವಿಡೀ ಉಜ್ಜಿದ್ದೆಲ್ಲ ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯಿತು. ಕಣ್ಣು ಬಿಟ್ಟ ಮಹಾರಾಜನು, "ಪ್ರಜೆಗಳು ಮೇಲೇರಿದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು" ಎಂದನು.

ಆಮೇಲೆ ಊರು ಕತ್ತಲಾಯಿತು. ಅರಮನೆಗೆ ಪಂಜುಗಳು ಬಂದವು.

ದೀಕ್ಷಿತರು ಕತ್ತಲಲ್ಲಿ ಎಡವುತ್ತ ಸೂತಿಕಾಗೃಹಕ್ಕೆ ಓಡಿದರು. ಕಿಟಕಿಯಲ್ಲಿ ಬೆಳಕು ಕಂಡು ಬೆರಗಾಗಿ ನಿಂತರು. ದೇವರ ಮನೆಯ ನಂದಾದೀಪಗಳನ್ನೂ ಅಕ್ಕಪಕ್ಕದ ಮನೆಗಳ ಸೊಡರುಗಳನ್ನೂ ಹೊರಿಸಿಕೊಂಡು ತುಂಗಮ್ಮ ಸಭೆ ಮುಗಿಯುವ ಮೊದಲೇ ಅಲ್ಲಿಗೆ ಬಂದಿದ್ದರು.

"ನೀವು ಹೇಳ್ತೀರಿ ಅಂತ ನಂಬಿಕೆ ಇತ್ತು. ಅವರಿಗೆ ಅರ್ಥವಾಗುತ್ತೆ ಅಂತ ಇರಲಿಲ್ಲ" ಎಂದರು ಪತಿಗೆ. ಒಳಗಿನಿಂದ ಮಗುವಿನ ಅಳು ಕೇಳಿತು. ತಾಯಿ ಮಗು ಕ್ಷೇಮ; ಹೆಣ್ಣು ಮಗು. ರಾಜಾಜ್ಞೆಯನ್ನು ಮೀರುವಂತಿಲ್ಲವಾಗಿ ಜನನದ ದಾಖಲೆಯಲ್ಲಿ ಆಕೆಯ ಹೆಸರು ಇಂದಿಗೂ ಊರ್ಜಿತವರ್ಮ ಎಂದೇ ಇದೆ.

ಮಾರನೆಯ ದಿನ ಮಹಾರಾಜನಿಗೆ 'ಸಮವಿಭವ ಸಾರ್ವಭೌಮ' ಎಂಬ ಬಿರುದಿನ ಹೊಸ ಕಿರೀಟ ತೊಡಿಸಲಾಯಿತು. ಡಂಗುರದವರು ಆದೇಶ ಸಾರಿದರು: ಇಷ್ಟು ಎತ್ತರಕ್ಕೇರಿದ ಪ್ರಜೆಗಳಿಗೆ ದೀಪ ಅನಗತ್ಯ. ಮನೆಯಲ್ಲಿ ಎಣ್ಣೆಯ ದೀಪ ಹಚ್ಚುವುದು ತಾನಿನ್ನೂ ಕೆಳಗಿದ್ದೇನೆಂದು ಆಡಿಕೊಂಡಂತೆ, ಅದಕ್ಕೆ ದಂಡ. ಮತ್ತು ಗಳಿಸಿದ ಎತ್ತರವನ್ನು ಕಾಪಾಡಿಕೊಳ್ಳಬೇಕಾದ್ದರಿಂದ ಘರ್ಷಣಸೇವೆ ಇನ್ನುಮುಂದೆ ಮನೆಗಿಬ್ಬರದು.

ದೀಕ್ಷಿತರೂ ಕೋಲು ಹಿಡಿದು ಪೇಟೆಯಲ್ಲಿ ಕೂತರು. ಪಕ್ಕದಲ್ಲಿ ಪುಟ್ಟನಂಜಿ ಅಂಗೈಯ ಬೊಬ್ಬೆಗಳನ್ನು ಊದಿಕೊಳ್ಳುತ್ತಿದ್ದಳು.

"ಸ್ವಾಮೇರಾ, ನಾವು ಹಿಂಗೆ ಉಜ್ಜಿದ್ದೆಲ್ಲ ಎಲ್ಲಿಗೆ ಹೋಯ್ತದೆ?"

"ಎಲ್ಲಿಗೂ ಇಲ್ಲ ತಾಯಿ. ಕೋಲಿನದನ್ನು ರೇಷ್ಮೆಯದು ಅಲ್ಲಲ್ಲೇ ತಿಂದುಹಾಕುತ್ತದೆ. ಹರಿದು ಕೆಲಸ ಮಾಡಬೇಕಾದರೆ ಎಲ್ಲಾದರೂ ಒಂದು ತಗ್ಗು ಉಳಿದಿರಬೇಕಲ್ಲ."

ಮೆಟ್ಟಿಲಿಳಿದು ಬರುತ್ತಿದ್ದ ಅನುಮೋದರಾಯನು ತಟ್ಟನೆ ನಿಂತನು. "ಏನಂದರು ಆಚಾರ್ಯರು?"

ಪುಟ್ಟನಂಜಿ ಕೈ ಮುಗಿದು ಎದ್ದು ನಿಂತಳು. "ದೊರೆಗಳ ರಾಜ್ಯದಾಗೆ ಹುಡುಕಿದ್ರೂ ಒಂದು ತಗ್ಗು ಸಿಗಾಕಿಲ್ಲ ಅಂತ ಕೊಂಡಾಡ್ತಾವ್ರೆ, ಬುದ್ಧಿ."

ಮಂತ್ರಿಯ ಮುಖ ಅರಳಿತು. ಅಂದಿನ ಸಂಜೆಗೇ ಪೇಟೆಯ ಉಪವ್ಯಾಖ್ಯಾನಕಾರ್ತಿ ಎಂಬ ಹೊಸ ಹುದ್ದೆ ಸೃಷ್ಟಿಯಾಗಿ ಪುಟ್ಟನಂಜಿಗೆ ಪೀಠವೂ ಕೊಡೆಯೂ ಬಂದವು. ಆಕೆಯ ಪಾಲಿನ ಕೋಲನ್ನು ಇನ್ನು ಮೇಲೆ ಆಕೆಯ ಎಡಬಲದ ಮನೆಗಳವರು ಉಜ್ಜತಕ್ಕದ್ದೆಂದು ಆದೇಶವಾಯಿತು. ಅವರು ಗೊಣಗಿದರು. ಅದನ್ನು ಆಕೆ ಜಯಕಾರವೆಂದು ಬರೆಸಿದಳು.