ಮಾಮಾನ ಪೈಪು: ಎಲುಬಿಂದೋ, ಕಲ್ಲಿಂದೋ?

ನಮ್ಮ ಮಾಮಾನ ತಲಿ ನೆಟ್ಟಗಿಲ್ಲ ಅಂತ ಬೈಲಹೊಂಗಲದಾಗ ಯಾರೂ ಅನ್ನತಿರಲಿಲ್ಲ. ಸೂರ್ಯಾ ಮೂಡಲಕ್ಕ ಹುಟ್ಟತಾನ ಅಂತ ದಿನಾ ಯಾರರೆ ಹೇಳಿಕೋತ ಅಡ್ಡಾಡತಾರೇನು? ಗೊತ್ತಿದ್ದ ಮಾತು ಅಂತ ಬಿಟ್ಟಿದ್ರು, ಅಷ್ಟೇ!

ನಮ್ಮದು ಅಜ್ಜ ಮುತ್ತಜ್ಜರಿಂದ ಪೌರೋಹಿತ್ಯದ ಮನಿತನ. ಮಾಮಾ ಮಾತ್ರ ಪಂಚಾಂಗಾ ಮಡಚಿಟ್ಟು ಪ್ಯಾಟ್ಯಾಗ ಗಡಿಯಾರ ರಿಪೇರಿ ಅಂಗಡಿ ತಗದಿದ್ದ. ಬಿಚ್ಚಿ ನೋಡದ ಏನನ್ನೂ ನಂಬಬಾರದು ಅನ್ನೂದೇ ಅವನ ವೇದ. ಹೊಸಾ ಸ್ಟೋವ್ ತಂದ ದಿನಾನೇ ಬಿಚ್ಚಿ ಹರವಿದ. ಮಾಮಿ ಮೂರು ದಿನ ಕಟ್ಟಿಗಿ ಒಲಿ ಊದಿದಳು. ಜೋಡಿಸಿದ ಮ್ಯಾಲೆ ಎರಡು ತಿರುಪು ಉಳದ್ವು. "ಕಂಪನಿಯವರು ಸುಮ್ಮನ ಹೆಚ್ಚಿಗೆ ಹಾಕಿದ್ರು" ಅಂದ!

ನಾ ಆಗ ಅಲ್ಲೇ ಹೆಣ್ಣುಮಕ್ಕಳ ಸಾಲ್ಯಾಗ ಪಾಠಾ ಹೇಳೂ ಅಕ್ಕೋರಾಗಿ ಸೇರಿ ಅವರ ಮನ್ಯಾಗ ಇರತಿದ್ದೆ. ಮಕ್ಕಳಿಲ್ಲದ ಮನಿ, ಆದ್ರ ಮಾತಿಗೇನು ಬರ ಇರಲಿಲ್ಲ. ಮಾಮಿ ಅಡಗಿ ಮಾಡೂವಾಗ ಮಾಮಾ ಅಡಗಿಮನಿ ಕಂಬಕ್ಕ ಆತು ಕುಂತು, ಪ್ಯಾಟಿ ಸುದ್ದಿ ಎಲ್ಲಾ ಉಪ್ಪುಖಾರ ಹಚ್ಚಿ ಹೇಳಾಂವ. ಮಾಮಿ ಬೈಕೋತ ಕೇಳಾಕಿ.

ಗೋರಾ ಸಾಹೇಬರು ಗಂಟುಮೂಟಿ ಕಟ್ಟಿ ಹೋಗಿ ನಾಕೈದು ವರ್ಷಾಗಿತ್ತು. ಅವರೊಳಗ ಯಾರೋ ಬಿಟ್ಟುಹೋದ ತಂಬಾಕದ ಪೈಪೊಂದು ಬೆಳಗಾವಿಯ ಹಳೇ ಸಾಮಾನಿನ ಅಂಗಡಿಯೊಳಗ ಮಾಮಾನ ಕಣ್ಣಿಗೆ ಬಿತ್ತು. ಬೆಳ್ಳಗ, ನುಣ್ಣಗ, ಕೈಯಾಗ ಹಿಡದ್ರ ಹಗೂರ. ತಂಬಾಕ ತುಂಬೂ ಮುಂದಿನ ಬುಡ್ಡಿ ಮ್ಯಾಲೆ ಗಡ್ಡದ ಮುದುಕನ ಮಾರಿ ಕೊರದಿದ್ರು. ತೊಗೊಂಡು ಬಂದು ಹೊಸ್ತಿಲಾ ದಾಟಬೇಕು, ಮಾಮಿ ಅಡ್ಡ ನಿಂತಳು.

"ಅದು ಎದರದ್ದು?"

"ಅದನ್ನ ಇನ್ನ ಕಂಡುಹಿಡೀಬೇಕು."

"ನನಗ ಎಲುಬಿಂದು ಇದ್ದಂಗ ಕಾಣಸ್ತದ. ತಂಬಾಕ ಸೇದ್ರಿ, ಗಿಡದ ಎಲಿ, ಅಡ್ಡಿಯಿಲ್ಲ. ಎಲುಬು ಮಾತ್ರ ಒಳಗ ಬರಕೂಡದು."

"ಶಂಖ ಏನು ಬಳ್ಳ್ಯಾಗ ಬಿಡತದೇನು? ದೇವರ ಮುಂದ ಇಟ್ಟೀಯಲ್ಲ!"

"ಶಂಖಾ ಊದತಾರ, ಸೇದೂದಿಲ್ಲ!"

ಮಾಮಾಗ ಸಿಟ್ಟು ನೆತ್ತಿಗೇರಿತು. "ಹಂಗಾರ ಇದು ಒಳಗ ಬರೂತನಕ ನಾನೂ ಬರೂದಿಲ್ಲ" ಅಂತ ಆಣಿ ಮಾಡಿ, ಹೊರಗಿನ ಕಟ್ಟಿ ಮ್ಯಾಲೆ ಹಾಸಿಗಿ ಹಾಸೇಬಿಟ್ಟ. ಊಟಾನೂ ಅಲ್ಲೇ, ನಿದ್ದೀನೂ ಅಲ್ಲೇ. ಮಾಮಿ ತಾಟು ತಂದಿಟ್ಟು ಒಳಗ ಹೋಗಾಕಿ. ಓಣಿ ಮಂದಿ ಮುಂದ ಗಂಡಹೆಂಡ್ತಿ ಏನಂತ ಮಾತಾಡಬೇಕು?

ಶುರುವಾತು ನೋಡ್ರಿ ಪರೀಕ್ಷಾ! ಮೊದಲ ಪತ್ತಾರನ ಅಂಗಡಿ. ಅಂವಾ ಪೈಪನ್ನ ಒರಿಗಲ್ಲಿಗೆ ತಿಕ್ಕಿ, ಕಣ್ಣು ಮುಚ್ಚಿ ಭಾಳ ಹೊತ್ತು ವಿಚಾರ ಮಾಡಿ, "ರಾಯರ, ಬಂಗಾರಂತೂ ಅಲ್ಲ ಬಿಡ್ರಿ" ಅಂದ. ಎಂಥಾ ಪಂಡಿತ!

ಆಮ್ಯಾಲೆ ನಾಯಿ. ಎಲುಬಿನ ವಿಷಯದಾಗ ಅದಕ್ಕಿಂತ ಶಾಣ್ಯಾ ಯಾರಿದ್ದಾರು? ಓಣಿ ನಾಯಿ ಮುಂದ ಪೈಪು ಇಟ್ಟದ್ದೇ ತಡ, ಕಚ್ಚಿಕೊಂಡು ಓಡಿತು. ಹಿಂದ ಮಾಮಾ, ಅವನ ಹಿಂದ ಅರ್ಧ ಪ್ಯಾಟಿ. ಊರ ಅಗಸಿ ಬಾಗಲಾ ಹತ್ತಿರ ನಾಯಿ ಅದನ್ನ ಉಗುಳಿ ಹೋತು.

"ಉಗುಳಿತು, ಅಂದ್ರ ಎಲುಬಲ್ಲ!" ಅಂದ ಮಾಮಾ.

"ಕಚ್ಚಿಕೊಂಡು ಓಡಿತು, ಅಂದ್ರ ಎಲುಬೇ!" ಅಂದಳು ಮಾಮಿ.

ಕಡೀಕ ಕಿತ್ತೂರಾಗ, ಸಾಹೇಬರ ಬಂಗಲೇದಾಗ ಅಡಗಿ ಮಾಡಿಕೋತ ಮುದುಕನಾದ ಬಬರ್ಚಿಯೊಬ್ಬ ಸಿಕ್ಕ. ಪೈಪು ನೋಡಿ ಅವನ ಕಣ್ಣು ಅರಳಿದ್ವು. "ಇದು ಕಲ್ಲರಿ ರಾಯರ. ಸಮುದ್ರದ ನೊರಿ ಅಂತಾರ ಇದಕ್ಕ. ನಾಲಿಗಿ ಹಚ್ಚಿ ನೋಡ್ರಿ, ಅಂಟತೈತಿ. ಸೇದಿಕೋತ ಹೋದಂಗ ತಳದಿಂದ ಜೇನಿನ ಬಣ್ಣಕ್ಕ ತಿರಗತೈತಿ. ನಮ್ಮ ಸಾಹೇಬರ ಕಡೆ ಇಂಥಾದ್ದ ಇತ್ತು."

ಮಾಮಾ ಬಸ್ಸಿಳದು ಓಡಿಕೋತ ಬಂದು, ಮಾಮಿ ಕಣ್ಣಮುಂದೇ ಪೈಪು ನೆಕ್ಕಿ ತೋರಿಸಿದ. ಮಾಮಿ ಚಿಟ್ಟನೆ ಚೀರಿದಳು! ಹನ್ನೊಂದು ಕೊಡ ತಣ್ಣೀರು ಸುರಿಸಿಕೊಂಡು, ಹೊಸಾ ಜನಿವಾರ ಹಾಕ್ಕೊಂಡ ಮ್ಯಾಲೇ ಮಾಮಾಗ ಊಟ ಸಿಕ್ಕದ್ದು.

"ನಿಮ್ಮ ನಾಲಿಗಿ ಸಾಕ್ಷಿ ನಾ ಒಪ್ಪೂದಿಲ್ಲ" ಅಂದಳು. "ಬಣ್ಣ ತಿರುಗಲಿ, ನಾನೇ ಆರತಿ ಮಾಡಿ ಒಳಗ ಕರಕೋತೇನಿ."

ಅಲ್ಲಿತನಕ ಮಾಮಾ ಬರೇ ನಶ್ಯಾದ ಮನಷ್ಯಾ! ನಿಪ್ಪಾಣಿ ತಂಬಾಕ ತುಂಬಿ ಸೇದಲಿಕ್ಕೆ ಹತ್ತಿದ. ಸೇದಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಮಳಿಗಾಲ ಹೋತು, ಚಳಿಗಾಲ ಬಂತು, ಕಂಬಳಿ ಹೊತಗೊಂಡು ಸೇದಿದ. ಎಂಟು ತಿಂಗಳಾದ್ರೂ ಪೈಪು ಹಾಲಿನಂಗ ಬೆಳ್ಳಗೇ! ಮಾಮಾ ದಿನೇ ದಿನೇ ಸೊರಗಿದ.

ಯಾಕ ತಿರುಗಲಿಲ್ಲ ಅಂತೀರಿ? ಗಡಿಯಾರ ರಿಪೇರಿ ಮಾಡೂ ಕೈ! ದಿನಾ ಸಂಜಿಗೆ ಪೈಪನ್ನ ಪೆಟ್ರೋಲಿನಾಗ ಅದ್ದಿ, ಬ್ರಶ್ಶಿನಿಂದ ತಿಕ್ಕಿ, ಬಟ್ಟೀಲೆ ಒರಸಿ ಇಡತಿದ್ದ. ಇವತ್ತು ಹತ್ತಿದ ಬಣ್ಣ ಇವತ್ತೇ ಹೋಗತಿತ್ತು! ಅವನಿಗದು ಹೊಳೀಲಿಲ್ಲ, ನನಗೂ ಹೊಳೀಲಿಲ್ಲ.

ಒಂದು ರವಿವಾರ ಮಧ್ಯಾಹ್ನ ಮಾಮಾ ಕಟ್ಟಿ ಮ್ಯಾಲೆ ಮಲಗಿದ್ದ. ನೀರು ಸೇದಲಿಕ್ಕೆ ಅಂತ ಹಿತ್ತಲಕ್ಕ ಹೋದೆ. ಅಲ್ಲಿ ಮಾಮಿ! ಪೈಪನ್ನ ಬರಿಗೈಲೆ ಹಿಡಕೊಂಡು ಗಟ್ಟಿ ಚಹಾದ ಕಷಾಯದಾಗ ಅದ್ದಿ ಅದ್ದಿ ತಗೀಲಿಕ್ಕೆ ಹತ್ಯಾಳ. ಒಣಹಾಕಿದ ಮಡಿ ಸೀರಿ ಹತ್ತಿರ ನಮ್ಮನ್ನ ಸುಳಿಗೊಡದಾಕಿ!

"ಮಾಮಿ, ಎಲುಬಾಗಿದ್ರ?"

"ಆಗಿದ್ರ ಆಗಲಿ" ಅಂದಳು, ತಲಿ ಎತ್ತದ. "ದಿನಾ ತಿಕ್ಕಿ ಬಣ್ಣ ಕಳೀತಾರ, ಕಿಡಕ್ಯಾಗಿಂದ ನೋಡೇನಿ. ಈಗ ಹೇಳಿದ್ರ ಮೊದಲಿಂದ ಸೇದಲಿಕ್ಕೆ ಶುರು ಮಾಡಿ ಮತ್ತೊಂದು ವರ್ಷ ಕಟ್ಟಿ ಮ್ಯಾಲೇ ಕೂಡತಾರ. ನನಗ ಆಗೂದಿಲ್ಲವಾ. ಅಡಗಿಮನ್ಯಾಗ ಅನ್ನ ಕುದಿಯೂ ಸಪ್ಪಳ ಒಂದೇ ಕೇಳಿ ಕೇಳಿ ಹುಚ್ಚು ಹಿಡೀಲಿಕ್ಕೆ ಬಂದದ."

ಸಂಜಿಗೆ ಆರತಿ ತಟ್ಟಿ ಹಿಡಕೊಂಡು ಹೊರಗ ಬಂದಳು. "ಬಣ್ಣ ತಿರುಗೇದ, ನೋಡ್ರಿ."

ಮಾಮಾ ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು ಪೈಪು ತಿರುಗಿಸಿ ತಿರುಗಿಸಿ ನೋಡಿದ. ಮೂಗಿನ ಹತ್ತಿರ ಒಯ್ದ. ಆಮ್ಯಾಲೆ ಮಾಮಿಯ ಬೆರಳು ನೋಡಿದ. ತುದಿ ಎಲ್ಲಾ ಕೆಂಪಗಾಗಿದ್ವು. ಮಾಮಾ ಭೂತಗನ್ನಡಿ ತಗದು ಕಿಸೇದಾಗ ಹಾಕ್ಕೊಂಡ.

"ಹೌದು, ಕಲ್ಲೇ ಇದು" ಅಂದು ಒಳಗ ಬಂದ.

ಅವತ್ತು ಊಟಕ್ಕ ಕುಂತು ಎಂಟು ತಿಂಗಳ ಸುದ್ದಿ ಒಮ್ಮೆಲೇ ಹೇಳಲಿಕ್ಕೆ ಹತ್ತಿದ. ಮಾಮಿ ಬಡಿಸಿಕೋತ ನಕ್ಕಳು, ನಕ್ಕಳು, ನಕ್ಕೋತನೇ ಅತ್ತುಬಿಟ್ಟಳು. ಮಾಮಾ ಕಲಿಸಿದ ಅನ್ನ ಹಂಗೇ ಬಿಟ್ಟು ಆಕಿ ಮಾರಿ ನೋಡಿದ.

"ಅಳಬ್ಯಾಡ" ಅಂದ. "ನನಗೂ ನಿನ್ನ ಬಿಟ್ಟು ಹೊರಗ ಭಾಳ ಬ್ಯಾಸರಾಗಿತ್ತು."