ಅವಧಿ ಮುಗಿದ ಭವಿಷ್ಯ

"ಗೋಂದಣ್ಣಾ, ನಿನ್ ಭವಿಷ್ಯ ಎಲ್ಲಾ ರದ್ದಿಗೆ ಹೋಗ್ತಿದೆ! ಮೂರು ಗಂಟೆಗೆ ಗಾಡಿ ಬರುತ್ತಂತೆ!"

ಕೌಂಟರಿನ ಸೀಲಮ್ಮ ಬಾಗಿಲಲ್ಲೇ ನಿಂತು ಹೀಗೆ ಕೂಗಿದ್ದಕ್ಕೆ, ಗೋಂದಣ್ಣನ ಕೈಯಲ್ಲಿದ್ದ ಬ್ರಷ್ಷು ಗೋಂದಿನ ಡಬ್ಬಿಗೆ ಹೋಗುವ ಬದಲು ಚಹಾದ ಲೋಟಕ್ಕೆ ಇಳಿಯಿತು. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕುತ್ತಿದ್ದ ಬೈಂಡರ್ ಅವನು. ಅದರಲ್ಲೂ ಹಳೇ ವಿಜ್ಞಾನ ಕಾದಂಬರಿಗಳ ಕಪಾಟೆಂದರೆ ಪ್ರಾಣ. ಇನ್ನೂರ ಹನ್ನೆರಡು ಪುಸ್ತಕ. ಹೊಲಿಯಲು ಬಿಚ್ಚಿದ ಯಾವುದನ್ನೂ ಓದಿ ಮುಗಿಸದೆ ಮುಚ್ಚಿದವನಲ್ಲ.

"ಯಾಕಂತೆ?"

"ಡೇಟ್ ಮುಗಿದಿದೆಯಂತೆ. ಮುಂದೆ ಹೀಗಾಗುತ್ತೆ ಅಂತ ಅದ್ರಲ್ಲಿ ಬರ್ದಿರೋ ವರ್ಷಗಳು ಆಗ್ಲೇ ಕಳೆದುಹೋದ್ವಲ್ಲ, ಔಷಧಿ ಬಾಟ್ಲಿ ಥರ. 'ಅವಧಿ ಮುಗಿದಿದೆ' ಅಂತ ಮೇಡಂ ಹೊಸಾ ಸೀಲೇ ಮಾಡಿಸಿಟ್ಟಿದ್ದಾರೆ."

ಗೋಂದಣ್ಣ ನೆಟ್ಟಗೆ ಹೋಗಿ ಕಪಾಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. "ಮೊದ್ಲು ನನ್ನ ರದ್ದಿಗೆ ಹಾಕಿ!"

ಮೇಡಂ ಓಡಿ ಬಂದರು. ಅವರು ಲೈಬ್ರರಿಯ ಮುಖ್ಯಸ್ಥೆಯಾಗಿ ಬಂದು ಒಂದು ತಿಂಗಳಾಗಿತ್ತಷ್ಟೆ. ಕಾರ್ಡ್ ತೋರಿಸಿದರೆ ತಾನೇ ತೆರೆಯುವ ಗಾಜಿನ ಬಾಗಿಲನ್ನು ಅಂದು ಬೆಳಿಗ್ಗೆಯೇ ಹಾಕಿಸಿದ್ದರು. ಕಪಾಟಿನ ಜಾಗಕ್ಕೆ, ತಾನೇ ಪುಸ್ತಕ ಹುಡುಕಿಕೊಡುವ ಯಂತ್ರ ಬರುವುದಿತ್ತು.

"ನೋಡಿ ಗೋಂದಣ್ಣ, ಜಗತ್ತು ಎಲ್ಲಿಗೋ ಹೋಗ್ತಾ ಇದೆ."

"ಎಲ್ಲಿಗೆ ಅಂತಾನೇ ಇವುಗಳಲ್ಲಿ ಇರೋದು! ಇದ್ರಲ್ಲಿ ನೋಡಿ, ಜನ ನಕ್ಷತ್ರದ ಮೇಲೆ ಮನೆ ಕಟ್ಕೊಂಡಿದ್ದಾರೆ. ಎಲ್ಲಾ ಕೆಲ್ಸಕ್ಕೂ ಯಂತ್ರ. ಮೂರು ತಲೆಮಾರಾದ್ಮೇಲೆ ಒಬ್ಬನಿಗೂ ಚಡ್ಡಿ ಲಾಡಿ ಕಟ್ಟೋಕೆ ಬರಲ್ಲ. ಶತ್ರು ಬಂದ್ರೆ ಇಡೀ ಸೈನ್ಯ ಎರಡೂ ಕೈಲಿ ಚಡ್ಡಿ ಹಿಡ್ಕೊಂಡು ನಿಂತಿದೆ!"

ಮೂಲೆಯಲ್ಲಿ ದಿನಾ ಬಂದು ಕೂರುವ ಪೇಪರ್ ತಾತ ಕತ್ತೆತ್ತಿದ. "ಆಮೇಲೆ? ಯಾರು ಗೆದ್ರು?"

"ಕೊನೇ ಪುಟ ಗೆದ್ದಲು ತಿಂದಿದೆ ತಾತಾ."

ಅಷ್ಟರಲ್ಲಿ ಹೊರಗೆ ರದ್ದಿ ಗಾಡಿ ಬಂತು. ಅದೇ ಗಳಿಗೆಗೆ ಕರೆಂಟು ಹೋಯಿತು.

ಗಾಜಿನ ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಮೇಡಂ ಕಾರ್ಡ್ ತೋರಿಸಿದರು. ಕರವಸ್ತ್ರದಲ್ಲಿ ಒರೆಸಿ ತೋರಿಸಿದರು. ಕೊನೆಗೆ ಕಳೆದುಹೋದ ಮಗುವಿನ ಫೋಟೋ ತೋರಿಸುವವರಂತೆ ದೈನ್ಯದಿಂದ ತೋರಿಸಿದರು. ಬಾಗಿಲಿನ ಕಂಪನಿಗೆ ಫೋನ್ ಮಾಡಿದರೆ, ನಾಡಿದ್ದು ಬರ್ತೀವಿ ಎಂದರು. ಅರ್ಧ ಗಂಟೆ ಕಳೆಯಿತು. ಲೈಬ್ರರಿಯ ಶೌಚಾಲಯ ಅಂಗಳದಲ್ಲಿತ್ತು.

"ನನಗೆ ವಯಸ್ಸಾಗಿದೆ ಕಣಮ್ಮಾ," ಎಂದ ತಾತ, ಕಾಲು ಹೆಣೆದುಕೊಂಡು.

ಮೇಡಂ ಕೂಡ ನಿಂತಲ್ಲಿ ನಿಲ್ಲುತ್ತಿರಲಿಲ್ಲ. "ಗೋಂದಣ್ಣಾ... ಏನಾದ್ರೂ ಮಾಡೋಕಾಗುತ್ತಾ?"

"ಆಗುತ್ತೆ. ಒಂದು ಪುಸ್ತಕಾನೂ ರದ್ದಿಗೆ ಹಾಕಲ್ಲ ಅಂತ ಬರ್ಕೊಡಿ."

ಮೇಡಂ ಬರೆದರು. ಅಷ್ಟು ಬೇಗ ಸರ್ಕಾರಿ ಕಾಗದ ಬರೆದವರು ಚರಿತ್ರೆಯಲ್ಲೇ ಇರಲಿಕ್ಕಿಲ್ಲ. ಗೋಂದಣ್ಣ ಕಾಗದದ ಮಡಿಕೆ ಒತ್ತುವ ತನ್ನ ಚಪ್ಪಟೆ ಪಟ್ಟಿಯನ್ನು ಬಾಗಿಲ ಸಂದಿಗೆ ತೂರಿಸಿ ಒಮ್ಮೆ ಮೀಟಿದ. ಟಕ್! ತಾತ ಬಾಣದ ಹಾಗೆ ಹೋದ. ಮೇಡಂ ತಾತನನ್ನೂ ಹಿಂದೆ ಹಾಕಿದರು. ರದ್ದಿ ಗಾಡಿ ಖಾಲಿ ಹಿಂತಿರುಗಿತು. ಕರೆಂಟು ಬಂದ ಮೇಲೂ ಬಾಗಿಲು ಕಾರ್ಡಿಗೆ ಜಗ್ಗಲಿಲ್ಲ.

ಸಂಜೆ ಮೇಡಂ ತಾವಾಗಿಯೇ ಅವನ ಕೋಣೆಗೆ ಬಂದರು. ಮುಖ ಮೆತ್ತಗಾಗಿತ್ತು.

"ನೀವ್ ಹೇಳಿದ್ದೇ ಸರಿ. ತುಂಬಾ ಅಮೂಲ್ಯ ಪುಸ್ತಕಗಳು. ಇನ್ಮೇಲೆ ಯಾರೂ ಮುಟ್ಟೋ ಹಾಗಿಲ್ಲ. ಗಾಜಿನ ಪೆಟ್ಟಿಗೇಲಿಟ್ಟು ಅದೇ ಕಂಪನಿ ಬೀಗ ಹಾಕಿಸ್ತೀನಿ."

"ಮುಟ್ಟದೆ ಓದೋದು ಹೇಗೆ ಮೇಡಂ?"

"ಓದಿದ್ರೆ ಹರಿಯುತ್ತಲ್ಲಾ! ಹರಿಯೋದೇ ಇಲ್ಲ ಅಂದ್ಮೇಲೆ ಬೈಂಡಿಂಗ್ ಕೋಣೆ ಯಾಕೆ? ಪುಸ್ತಕ ಹುಡುಕೋ ಯಂತ್ರ ಇಲ್ಲಿಗೇ ಬರುತ್ತೆ. ನಾಳೆ ಹತ್ತಕ್ಕೆ ಸಭೆ. ನಿಮಗೆ ಸನ್ಮಾನ, ಜೊತೆಗೇ ಬೀಳ್ಕೊಡುಗೆ."

ಹಿಂದಿನಿಂದ ಸೀಲಮ್ಮ ಕಣ್ಣೊರೆಸಿಕೊಳ್ಳುತ್ತ ಆಹ್ವಾನ ಪತ್ರ ಚಾಚಿದಳು. ಅವನ ಹೆಸರಿನ ಮೇಲೆ ಹಸಿ ಶಾಯಿಯಲ್ಲಿ ದೊಡ್ಡದಾಗಿ ಬಿದ್ದಿತ್ತು: ಅವಧಿ ಮುಗಿದಿದೆ.

"ಅಯ್ಯೋ, ಬೆಳಿಗ್ಗೆಯಿಂದ ಅದೇ ಸೀಲು ಕೈಲಿತ್ತು ಕಣೋ..."

ಗೋಂದಣ್ಣ ಪತ್ರವನ್ನು ಮಡಚಿದ. ಪಟ್ಟಿಯಿಂದ ನೀಟಾಗಿ ಮಡಿಕೆ ಒತ್ತಿದ. ಪಟ್ಟಿಯನ್ನು ಅಂಗಿ ಜೇಬಿಗೆ ಸಿಕ್ಕಿಸಿಕೊಂಡು ಎದೆ ಸೆಟೆಸಿ ನಿಂತ.

"ಬರ್ತೀನಿ ಮೇಡಂ, ಆದ್ರೆ ಹತ್ತಕ್ಕಲ್ಲ, ಒಂಬತ್ತೂವರೆಗೇ. ಕಂಪನಿಯೋರು ಬರೋದು ನಾಡಿದ್ದಲ್ವಾ? ನಿಮ್ ಸಭೆಗೆ ಬಾಗಿಲು ತೆಗೆಯೋರು ಬೇಕಲ್ಲ."