ರಾರಾವಿ ಎಮ್ಮೆಯೂ ನನ್ನ ಕಿಕ್ಕರೂ

೧. ಕುರುಗೋಡಿನ ಶರಬತ್ತು

ಕುರುಗೋಡಿನಲ್ಲಿ ಚಹಾ ಕುಡಿದು ಬಂದು ಕಿಕ್ ಹೊಡೆದೆ. ಕಾಲು ನೆಲ ಮುಟ್ಟಿತು. ಇಂಜಿನ್ನಿಗೆ ಸುದ್ದಿಯೇ ಮುಟ್ಟಲಿಲ್ಲ.

ಮತ್ತೆ ಹೊಡೆದೆ. ಮೆಟ್ಟಿಲಿದೆ ಎಂದು ಇಲ್ಲದ ಕಡೆ ಕಾಲಿಟ್ಟ ಹಾಗಾಯಿತು. ಗಾಡಿ ಕೆಮ್ಮಲೂ ಇಲ್ಲ.

ಎಪ್ಪತ್ತರ ದಶಕದ ಮಾತು. ಬಳ್ಳಾರಿಯ ದನದ ಆಸ್ಪತ್ರೆಯಲ್ಲಿ ನಾನು ಸ್ಟಾಕ್‌ಮನ್, ಅಂದರೆ ಡಾಕ್ಟರ ಕೈಕೆಳಗಿನವನು. ಊರೂರಿಗೆ ಹೋಗಿ ಬೆದೆಗೆ ಬಂದ ಎಮ್ಮೆಗಳಿಗೆ ಸರ್ಕಾರಿ ಕೋಣದ ವೀರ್ಯ ಕೊಡುವುದು ಕೆಲಸ. ವೀರ್ಯ ಸೀಸೆಯಲ್ಲಿ, ಸೀಸೆ ಐಸಿನಲ್ಲಿ, ಐಸ್ ಥರ್ಮಾಸಿನಲ್ಲಿ, ಥರ್ಮಾಸ್ ನನ್ನ ಮೋಟಾರ್ ಸೈಕಲ್ಲಿನ ಕ್ಯಾರಿಯರ್ ಮೇಲೆ. ಐಸ್ ಕರಗಿದರೆ ಕೆಲಸ ಕೆಟ್ಟಿತು. ಬಳ್ಳಾರಿಯ ಬಿಸಿಲು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ.

ಆ ದಿನ ಹೊರಟದ್ದು ಸಿರುಗುಪ್ಪ ದಾಟಿ ರಾರಾವಿಗೆ. ಬಸ್ಸಿತ್ತು. ದಿನಕ್ಕೊಂದು, ಅದೂ ಸಂಜೆಗೆ. ರಾರಾವಿಯಲ್ಲಿ ಒಬ್ಬ ಅವ್ವ. ಗಂಡ ಇರಲಿಲ್ಲ. ಇದ್ದದ್ದು ಒಂದೇ ಎಮ್ಮೆ. ಅದು ವರ್ಷದಿಂದ ಗಬ್ಬ ನಿಂತಿರಲಿಲ್ಲ. ಸರ್ಕಾರಿ ಕೋಣದ ಕೋಡು ಜಿಲೇಬಿಯ ಹಾಗೆ ಸುರುಳಿ. ಆ ಊರಿನ ಎಮ್ಮೆಗಳದು ನೀಳ, ನೆಟ್ಟಗೆ. ಜಿಲೇಬಿ ಕೋಡಿನ ಜಾತಿ ಕೊಡ ತುಂಬ ಹಾಲು ಕೊಡುತ್ತದೆ ಎಂದು ಅವ್ವ ಎಲ್ಲೋ ಕೇಳಿದ್ದಳು.

"ಈ ಬ್ಯಾಸಿಗಿ ದಾಟೂದ್ರಾಗ ಗಬ್ಬ ನಿಲ್ಲದಿದ್ರ ಸಂತಿಗೆ ಹೊಡೀತೀನಿ ಡಾಕ್ಟ್ರಪ್ಪಾ" ಅಂದಿದ್ದಳು.

ಬರಡು ಎಮ್ಮೆಯನ್ನು ಸಂತೆಯಲ್ಲಿ ಕೊಳ್ಳುವವರು ಹಾಲಿಗೆ ಕೊಳ್ಳುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಇಲ್ಲಿ ಕುರುಗೋಡಿನಲ್ಲಿ ಚಹಾದಂಗಡಿಯ ಬೆಂಚು ಖಾಲಿಯಾಯಿತು. ಎಲ್ಲರೂ ಬಂದು ಸುತ್ತ ನಿಂತರು. ಒಬ್ಬೊಬ್ಬರೂ ಒಂದೊಂದು ಕಿಕ್ ಹೊಡೆದರು.

"ಗಾಡಿ ವಾಲಿಸಿ ಹೊಡೀರಿ."

"ಪ್ಲಗ್ ತೆಗೆದು ಉಜ್ರಿ."

"ಪೆಟ್ರೋಲ್ ಐತೇನ್ರಿ?" ಇದನ್ನು ಮೂವರು ಕೇಳಿದರು.

ಗರಡಿಯ ಪೈಲ್ವಾನ ಒಬ್ಬ ಬಂದ. ಉಳಿದವರು ದಾರಿ ಬಿಟ್ಟರು. ಲುಂಗಿ ಎತ್ತಿ ಕಟ್ಟಿ, ಉಸಿರು ಬಿಗಿಹಿಡಿದು ಒಂದೇ ಏಟು ಹೊಡೆದ. ಕಿಕ್ಕರ್ ತಡೆಯಲಿಲ್ಲ. ಪೈಲ್ವಾನ ಗಾಡಿ ದಾಟಿ ಆಚೆ ಬದಿಗೆ ಬಿದ್ದ. ಎದ್ದು ಮಣ್ಣು ಕೊಡವಿಕೊಂಡು, "ಇದರಾಗ ದಮ್ ಇಲ್ರಿ" ಅಂದ.

ಕೊನೆಗೆ ತಳ್ಳಿದರು. ಹತ್ತು ಹೆಜ್ಜೆಗೆ ಹೊತ್ತಿಕೊಂಡಿತು. ನಿಂತರೆ ಮತ್ತೆ ಆರೀತು ಎಂದು ಹೆದರಿ ತಿರುಗಿ ನೋಡದೆ ಹೊರಟೆ. ಎರಡು ಮೈಲಿ ದಾಟಿ ಹಿಂದೆ ಕೈಯಾಡಿಸಿದರೆ ಕ್ಯಾರಿಯರ್ ಖಾಲಿ. ತಳ್ಳುವಾಗ ಬಿದ್ದೀತು ಎಂದು ಯಾರೋ ಥರ್ಮಾಸ್ ಇಳಿಸಿಟ್ಟಿದ್ದರು.

ವಾಪಸ್ ಬಂದೆ. ತಳ್ಳಿದವರೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಎಲ್ಲರ ಕೈಯಲ್ಲೂ ಗ್ಲಾಸು.

"ತಳ್ಳಿ ತಳ್ಳಿ ಎಲ್ರಿಗೂ ಬಾಯಿ ಆರಿತ್ರಿ" ಅಂದ ಚಹಾದಂಗಡಿಯವನು. "ನಿಮ್ಮ ಡಬ್ಬ್ಯಾಗ ಐಸ್ ಇತ್ತು. ನಿಂಬಿಹಣ್ಣು ಹಿಂಡಿ ಶರಬತ್ತು ಮಾಡ್ದೆ. ನಿಮಗೂ ಒಂದ್ ಗ್ಲಾಸ್ ತೆಗೆದಿಟ್ಟೀನಿ."

ಸೀಸೆ ಮೇಜಿನ ಮೇಲೆ ಬಿಸಿಲಿಗಿತ್ತು. ಮುಚ್ಚಳ ಬಿಗಿಯಾಗಿಯೇ ಇತ್ತು. ಅಷ್ಟು ಸಮಾಧಾನ.

"ಐಸ್ ಭಾಳ ಛಲೋ ಐತ್ರಿ, ಎಲ್ಲೀದು?" ಎಂದು ಪೈಲ್ವಾನ ಕೇಳಿದ.

"ದನದ ಆಸ್ಪತ್ರೇದು" ಅಂದೆ. ಉಳಿದದ್ದು ಹೇಳಲಿಲ್ಲ.

೨. ಕೌಲ್ ಬಜಾರಿನ ಉಸ್ತಾದ್

ಐಸ್ ಹೋಗಿ ಸೀಸೆಯದು ಕೆಟ್ಟಿತು, ರಾರಾವಿಯ ಎಮ್ಮೆಗೆ ಆ ಸಲ ಗಬ್ಬ ತಪ್ಪಿತು. ಇನ್ನು ಇಪ್ಪತ್ತೊಂದು ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ. ಅಷ್ಟರಲ್ಲಿ ಗಾಡಿ ಸರಿಯಾಗಬೇಕು.

ಕೌಲ್ ಬಜಾರಿನಲ್ಲಿ ಒಬ್ಬ ಉಸ್ತಾದ್ ಇದ್ದ. ಗಾಡಿಯ ಸದ್ದು ಕೇಳಿಯೇ ರೋಗ ಹೇಳುತ್ತಾನೆ ಎಂದು ಹೆಸರು. ಗಾಡಿ ಒಯ್ದು ನಿಲ್ಲಿಸಿದೆ.

"ಕ್ಯಾ ಹುವಾ ಸಾಬ್?"

"ಚಾಲೂ ಆಗಲ್ಲ."

ಅವನು ಪ್ಲಗ್ ಬದಲಿಸಿದ. ಅವನ ಅಂಗಡಿಯ ಮುಂದೆ ರಸ್ತೆ ಇಳಿಜಾರು. ಹತ್ತಿ ಕೂತು ಕಾಲಿನಿಂದ ಎರಡು ಸಲ ನೂಕಿಕೊಂಡ. ಗಾಡಿ ಇಳಿಯುತ್ತ ಹೊತ್ತಿಕೊಂಡಿತು. ಒಂದು ಸುತ್ತು ಹೊಡೆದು ಬಂದು, "ಲೇ ಜಾವೋ, ಒಯ್ರಿ" ಅಂದ.

ಮನೆಗೆ ಹೋದೆ. ಮರುದಿನ ಚಾಲೂ ಆಗಲಿಲ್ಲ. ತಳ್ಳಿಕೊಂಡು ಬಂದೆ.

"ಈಗೇನು ಸಾಬ್?"

"ಚಾಲೂ ಆಗಲ್ಲ."

ಕಾರ್ಬ್ಯುರೇಟರ್ ಬಿಚ್ಚಿ ತೊಳೆದ. ಇಳಿಜಾರಿಗೆ ಬಿಟ್ಟ. ಹೊತ್ತಿಕೊಂಡಿತು. ಮನೆಗೆ ಹೋದೆ. ಮರುದಿನ ಬಂದೆ. ಪಾಯಿಂಟ್ ಉಜ್ಜಿದ. ಇಳಿಜಾರಿಗೆ ಬಿಟ್ಟ. ಹೊತ್ತಿಕೊಂಡಿತು. ಅದರ ಮರುದಿನವೂ ಬಂದೆ. ದಿನಗಳು ಹೋಗುತ್ತಿದ್ದವು. ನಾನು ಒಳಗೊಳಗೆ ಎಮ್ಮೆಯ ದಿನ ಎಣಿಸುತ್ತಿದ್ದೆ.

ನಾಲ್ಕನೆಯ ಸಲ ಉಸ್ತಾದ್ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ನನ್ನ ಎದುರು ಕುಕ್ಕರಗಾಲಿನಲ್ಲಿ ಕೂತ.

"ಸಾಬ್, ತಳ್ಳಿದ್ರ ಚಾಲೂ ಆಗ್ತೈತೇನು?"

"ಆಗ್ತೈತಿ."

"ಕಿಕ್ ಹೊಡೆದ್ರ?"

"ಕಾಲು ಖಾಲಿ ಹೋಗ್ತೈತಿ."

ಉಸ್ತಾದ್ ಹಣೆ ಹಿಡಿದುಕೊಂಡ. "ಮತ್ತ ಇಂಜಿನ್ನಿಗೆ ರೋಗಾನ ಇಲ್ಲ! ಇದನ್ನ ಮೊದಲನೇ ದಿನ ಯಾಕ ಹೇಳ್ಲಿಲ್ಲ?"

"ನೀ ಕೇಳ್ಲಿಲ್ಲ."

"ಎಮ್ಮಿ ನೋಡಾಕ ಹೋದಾಗ ನೀವು ಎಮ್ಮೀನ ಕೇಳ್ತೀರೇನು?"

"ಅದು ತಾನ ಒದರ್ತೈತಿ."

"ಹೌದಲ್ಲ! ಅದಕ್ಕ ಇರೂವಷ್ಟು ಮಾತಾದ್ರೂ ನಿಮಗಿದ್ರ ನನಗ ನಾಕ ದಿನ ಉಳೀತಿದ್ದವು."

ಬದಿಯ ಮುಚ್ಚಳ ಬಿಚ್ಚಿದ. ಒಳಗೆ ಕಿಕ್ಕರಿನ ಹಲ್ಲಿನ ಚಕ್ರ. ಕಿಕ್ ಹೊಡೆದಾಗ ಅದು ಒಳಗಿನ ಇನ್ನೊಂದು ಚಕ್ರವನ್ನು ಕಚ್ಚಿ ಇಂಜಿನ್ ತಿರುಗಿಸಬೇಕು. ಹಲ್ಲು ಪೂರಾ ಸವೆದಿದ್ದವು. ಮುದಿ ಎತ್ತಿನ ಬಾಯಿ ನೋಡಿದ ಹಾಗಾಯಿತು.

"ಬೇರೇದು ಹಾಕು" ಅಂದೆ.

"ಬಳ್ಳಾರ್ಯಾಗ ಸಿಗಲ್ಲ. ಹುಬ್ಬಳ್ಳಿಯಿಂದ ಬರಬೇಕು. ತಿಂಗಳಾದ್ರೂ ಆಗ್ತೈತಿ."

"ಅಲ್ಲೀತನಕ?"

"ಇಳಿಜಾರು ನೋಡಿ ನಿಲ್ಲಿಸ್ರಿ. ಇಲ್ಲಾಂದ್ರ ನಿಲ್ಲಿಸಬ್ಯಾಡ್ರಿ."

೩. ಸಿರುಗುಪ್ಪದಲ್ಲಿ ಇಳಿಜಾರಿಲ್ಲ

ಬಳ್ಳಾರಿಯಲ್ಲಿ ಹೇಗೋ ನಡೆಯಿತು. ಗುಡ್ಡದ ಊರು. ಏರು ತಗ್ಗು ಇವೆ. ಕ್ಷೌರಕ್ಕೆ ಬೇರೆ ಅಂಗಡಿ ಹಿಡಿದೆ. ಅವನ ಕೈ ಚೆನ್ನಾಗಿರಲಿಲ್ಲ, ಅವನ ರಸ್ತೆ ಚೆನ್ನಾಗಿತ್ತು. ತರಕಾರಿಗೆ ಮಾರ್ಕೆಟ್ಟಿಗೆ ಬಿಡಿ ಅನ್ನುತ್ತಿದ್ದ ಹೆಂಡತಿ, ಚೀಲ ಹಿಡಿದು ಓಡುತ್ತಿರುವ ಗಾಡಿಯಿಂದ ಇಳಿಯುವುದನ್ನು ಕಲಿತಳು.

ಇಪ್ಪತ್ತೊಂದನೆಯ ದಿನ ಸಿರುಗುಪ್ಪದಿಂದ ಬಂದ ಬಸ್ಸಿನ ಕಂಡಕ್ಟರ್ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕೂಗಿದ. "ರಾರಾವಿ ಅವ್ವನ ಎಮ್ಮಿ ಒದರಾಕತ್ತೈತಂತ್ರಿ!"

ಥರ್ಮಾಸ್ ಕಟ್ಟಿದೆ. ಈ ಸಲ ಮೂರು ಸುತ್ತು ಹಗ್ಗ. ಕುರುಗೋಡಿನಲ್ಲಿ ನಿಲ್ಲಲಿಲ್ಲ. ಚಹಾದಂಗಡಿಯವನು ಎದ್ದು ನಿಂತು, "ಐಸ್ ಐತೇನ್ರೀ?" ಎಂದು ಕೂಗಿದ್ದು ಕೇಳಿಸಿತು.

ಸಿರುಗುಪ್ಪ ತಟ್ಟೆಯ ಹಾಗೆ ಸಪಾಟು. ಸುತ್ತ ಭತ್ತದ ಗದ್ದೆ. ಅಲ್ಲಿನ ನಮ್ಮ ಪಶು ಕೇಂದ್ರದ ಮುಂದೆ ಬೇವಿನ ಮರ. ಮರದ ಕೆಳಗೆ ನಮ್ಮ ದೊಡ್ಡ ಡಾಕ್ಟರು ನಿಂತಿದ್ದರು. ಹೇಳದೆ ತಪಾಸಣೆಗೆ ಬಂದಿದ್ದರು. ನನ್ನನ್ನು ಕಂಡು ಕೈಯೆತ್ತಿದರು.

ನಿಂತರೆ ಗಾಡಿ ಆರುತ್ತದೆ. ಹೊರಟುಹೋದರೆ ನೌಕರಿ ಆರುತ್ತದೆ. ನಾನು ಸೆಲ್ಯೂಟ್ ಹೊಡೆದು ಮರ ಸುತ್ತತೊಡಗಿದೆ.

"ಈ ತಿಂಗಳು ಎಷ್ಟು ಎಮ್ಮಿ ಆದ್ವು?" ಎಂದು ಕೇಳಿದರು. ನಾನು ಆಗಲೇ ಮರದ ಹಿಂದೆ ಹೋಗಿದ್ದೆ. ಸುತ್ತಿ ಬಂದು, "ಹನ್ನೊಂದ್ರಿ" ಅಂದೆ.

"ಎಷ್ಟು ಗಬ್ಬ ನಿಂತ್ವು?"

ಇನ್ನೊಂದು ಸುತ್ತು. "ನಾಕ್ರಿ."

"ನಿಲ್ರೀ ಒಂದ್ ನಿಮಿಷ!"

ಮತ್ತೊಂದು ಸುತ್ತು. "ಆಗಲ್ರಿ."

"ಯಾಕ?"

"ಕಿಕ್ಕರ್ರಿ."

ದೊಡ್ಡ ಡಾಕ್ಟರೂ ನನ್ನ ಜೊತೆ ತಿರುಗಿ ತಿರುಗಿ ತಲೆಸುತ್ತು ಬಂದು ಮರ ಹಿಡಿದುಕೊಂಡರು. "ಹೋಗ್ರಿ ಮಾರಾಯ್ರ" ಅಂದರು. ಹೋದೆ. ಅವರೊಂದಿಗೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು.

ರಾರಾವಿ ಮುಟ್ಟಿದಾಗ ಐಸ್ ಅರ್ಧ ಉಳಿದಿತ್ತು. ಅವ್ವನ ಅಂಗಳವೂ ಸಪಾಟು. ಆರದಿರಲಿ ಎಂದು ಥರ್ಮಾಸಿನ ಹಗ್ಗದಿಂದ ಆಕ್ಸಿಲರೇಟರ್ ತಿರುಗಿಸಿ ಕಟ್ಟಿ, ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆ. ಫಟ್ ಫಟ್ ಫಟ್ ಎಂದು ಅದು ತನ್ನ ಪಾಡಿಗೆ ಬಡಿದುಕೊಳ್ಳುತ್ತಿತ್ತು. ಎಮ್ಮೆ ಕಿವಿ ನಿಮಿರಿಸಿತು. ಕಣ್ಣು ದೊಡ್ಡದಾಯಿತು.

"ಅದನ್ನ ಸುಮ್ನ ಮಾಡ್ರಿ ಡಾಕ್ಟ್ರಪ್ಪಾ, ಎಮ್ಮಿ ಬೆದರಾಕತ್ತೈತಿ" ಅಂದಳು ಅವ್ವ.

"ಆಗಲ್ಲವ್ವಾ."

ಸೀಸೆಯ ವೀರ್ಯ ಏರಿಸಿದ ಗಾಜಿನ ಕೊಳವೆ ಹಿಡಿದು ಎಮ್ಮೆಯ ಹಿಂದೆ ನಿಂತೆ. ಅಷ್ಟರಲ್ಲಿ ಗಾಡಿ ಒಂದು ಸಲ ಢಂ ಎಂದಿತು. ಎಮ್ಮೆ ಕಾಲೆತ್ತಿತು. ಕೊಳವೆ ಚೂರಾಯಿತು. ನಾನು ತಿಪ್ಪೆಯಲ್ಲಿದ್ದೆ.

ಎಮ್ಮೆಯ ಕಿಕ್ಕಿನಲ್ಲಿ ಯಾವ ದೋಷವೂ ಇರಲಿಲ್ಲ.

೪. ಉಳಿದ ವಾಷರ್

"ಇನ್ನೊಂದ ಸಲ ನೋಡ್ತೀನಿ. ಅದ ಕಡೀದು" ಎಂದು ಅವ್ವ ಹೇಳಿ ಕಳಿಸಿದ್ದಳು. ಬೇಸಿಗೆ ಮುಗಿಯುತ್ತ ಬಂದಿತ್ತು. ನನಗೆ ಊಟ ರುಚಿಸುತ್ತಿರಲಿಲ್ಲ. ದಿನಾ ಕೌಲ್ ಬಜಾರಿಗೆ ಹೋಗಿ ನಿಲ್ಲುತ್ತಿದ್ದೆ. ಉಸ್ತಾದ್ ನನ್ನ ಮುಖ ನೋಡಿಯೇ, "ಬಂದಿಲ್ಲ ಸಾಬ್" ಅನ್ನುತ್ತಿದ್ದ.

ಚಕ್ರ ಬಂದ ದಿನವೇ ಕಂಡಕ್ಟರೂ ಬಂದ. ಎಮ್ಮೆ ಒದರುತ್ತಿದೆ.

ಉಸ್ತಾದ್ ಬೇರೆ ಕೆಲಸ ಬದಿಗಿಟ್ಟ. ಮುಚ್ಚಳ ಬಿಚ್ಚಿದ, ಹಳೆ ಚಕ್ರ ತೆಗೆದ, ಹೊಸದು ಕೂರಿಸಿದ, ಸ್ಪ್ರಿಂಗ್ ಸುತ್ತಿ ಕೊಂಡಿ ಸಿಕ್ಕಿಸಿದ, ಮುಚ್ಚಳ ಬಿಗಿದ. ನಾನು ಥರ್ಮಾಸ್ ತಬ್ಬಿಕೊಂಡು ಬಿಸಿಲಿಗೆ ಅಡ್ಡ ನಿಂತಿದ್ದೆ. ನೋಡಿದರೆ ಗೋಣಿಚೀಲದ ಮೇಲೆ ಒಂದು ವಾಷರ್ ಉಳಿದಿತ್ತು.

"ಇದು ಎಲ್ಲೀದು?"

ಉಸ್ತಾದ್ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. "ಇದು ಇದ್ರೂ ನಡೀತೈತಿ, ಇಲ್ಲದಿದ್ರೂ ನಡೀತೈತಿ" ಎಂದು ನನ್ನ ಜೇಬಿಗೆ ಹಾಕಿದ. "ಹೊಡೀರಿ."

ಹೊಡೆದೆ. ಕಾಲಿಗೆ ಗಟ್ಟಿ ಸಿಕ್ಕಿತು. ಒಂದೇ ಏಟಿಗೆ ಹೊತ್ತಿಕೊಂಡಿತು.

ದಾರಿಯುದ್ದಕ್ಕೂ ಗಾಡಿಯಲ್ಲಿ ಹೊಸ ಸದ್ದು ಕೇಳಿಸಿತು. ಪ್ರತಿಯೊಂದೂ ಆ ವಾಷರಿನದೇ ಅನ್ನಿಸಿತು. ಕುರುಗೋಡಿನಲ್ಲಿ ನಿಲ್ಲಲಿಲ್ಲ, ಸಿರುಗುಪ್ಪದಲ್ಲಿ ನಿಲ್ಲಲಿಲ್ಲ. ರಾರಾವಿಯ ಹೊರಗೆ ಕಾಲುವೆಯ ಏರಿ ಸಿಕ್ಕಿತು. ನಂಬಿಕೆ ಸಾಲದೆ, ಇಳಿಜಾರು ಇರಲಿ ಎಂದು ಗಾಡಿಯನ್ನು ಆ ಏರಿಯ ಮೇಲೇ ನಿಲ್ಲಿಸಿ, ಥರ್ಮಾಸ್ ಹಿಡಿದು ನಡೆದೆ. ಎಮ್ಮೆ ಸುಮ್ಮನೆ ನಿಂತಿತು. ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ವಾಪಸ್ ಬಂದು ಕಿಕ್ ಹೊಡೆದೆ. ಒಂದೇ ಏಟು.

ಕಿಕ್ಕರ್ ಸರಿಯಾಗಿತ್ತು. ಸುಮ್ಮನೆ ಒಂದು ಮೈಲಿ ನಡೆದಿದ್ದೆ.

೫. ಕೋಡು

ಮೂರು ತಿಂಗಳ ಮೇಲೆ ಹೋಗಿ ಕೈಹಾಕಿ ನೋಡಿದೆ. ಅವ್ವ ಉಸಿರು ಬಿಡದೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಗಬ್ಬ ಐತಿ" ಅಂದೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಮ್ಮೆಯ ಹಣೆಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು. ಆಮೇಲೆ ನನ್ನ ಕೈಗೆ ಮಜ್ಜಿಗೆಯ ಚೊಂಬು ಕೊಟ್ಟು, "ಒಂದ್ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ" ಅಂದಳು.

"ಹೇಳವ್ವಾ."

"ಅವತ್ತು ಮುಂಜಾನೆ, ನೀವು ಬರೂಕಿಂತ ಮೊದಲ, ಆಚೆ ಮನಿ ಗೌಡ್ರ ಕೋಣ ಬಿಡಿಸಿದ್ದೆ."

ಚೊಂಬು ಕೆಳಗಿಟ್ಟೆ. "ಯಾಕ?"

"ನಿಮ್ಮ ಮ್ಯಾಲ ನಂಬಿಕಿ ಐತ್ರಿ. ನಿಮ್ಮ ಗಾಡಿ ಮ್ಯಾಲ ಇರ್ಲಿಲ್ಲ. ಕೋಣ ಆದ್ರ ನಡ್ಕೋಂತ ಬರ್ತೈತಿ, ಅದನ್ನ ಯಾರೂ ತಳ್ಳಬೇಕಿಲ್ಲ."

ಆಸ್ಪತ್ರೆಗೆ ಬಂದು ರಿಜಿಸ್ಟರ್ ತೆರೆದೆ. 'ಗಬ್ಬ' ಎಂಬ ಕಡೆ ಮಸಿಯಲ್ಲಿ 'ಹೌದು' ಎಂದು ಬರೆದೆ. 'ಕೋಣ' ಎಂಬ ಕಡೆ 'ಸರ್ಕಾರಿ' ಎಂದು ಪೆನ್ಸಿಲಿನಲ್ಲಿ ಬರೆದೆ.

ವಿಷಯ ಉಸ್ತಾದನಿಗೂ ಗೊತ್ತಾಯಿತು. ಕೌಲ್ ಬಜಾರಿನಲ್ಲಿ ಕಂಡಾಗಲೆಲ್ಲ ಅಂಗಡಿಯಿಂದಲೇ ಕೇಳುತ್ತಿದ್ದ. "ಕೋಡು ಬಂದ್ವೇನು ಸಾಬ್?"

ಎಮ್ಮೆ ಸಂತೆಗೆ ಹೋಗಲಿಲ್ಲ. ಹೆಣ್ಣು ಕರು ಹಾಕಿತು. ಒಂದೂವರೆ ವರ್ಷಕ್ಕೆ ಕೋಡು ಎದ್ದು ಕಂಡವು. ಜಿಲೇಬಿಯಲ್ಲ, ನೆಟ್ಟಗಿದ್ದವು. ಪೆನ್ಸಿಲಿನಲ್ಲಿ ಬರೆದದ್ದನ್ನು ಅಳಿಸಿದೆ.